ತಟ್ಟೆಯ ಮೇಲಿನ ಕೈ

ನಾಯಿ ಅವ್ವನ ಕೈ ಕಚ್ಚಿದ್ದು ಬುಧವಾರ. ಭಾನುವಾರ ಜೀಪು ತಂದು ಅದನ್ನು ಮತ್ತೆ ಹೈವೇಗೆ ಬಿಟ್ಟು ಬರುತ್ತೇನೆಂದು ಭೀಮಸಮುದ್ರದಿಂದ ಅಣ್ಣ ಫೋನಿನಲ್ಲಿ ಹೇಳಿದ. ನಡುವೆ ಉಳಿದದ್ದು ಮೂರು ದಿನ. ಆ ಮೂರು ದಿನ ಚಿತ್ರದುರ್ಗದ ನಮ್ಮ ಮನೆಯಲ್ಲಿ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ನಾಯಿಯನ್ನು ಮನೆಗೆ ತಂದವಳು ನಾನು. ಜವನಗೊಂಡನಹಳ್ಳಿ ಹತ್ತಿರ ಹೈವೇ ಹೋಟೆಲೊಂದರ ಹಿಂದೆ ಎಂಜಲೆಲೆ ನೆಕ್ಕಿ ಬದುಕಿದ್ದ ನಾಯಿ ಅದು. ಲಾರಿ ತಾಗಿ ಕಾಲು ಮುರಿದಿತ್ತಂತೆ. ಹಿರಿಯೂರಿನಲ್ಲಿ ಇಂಥವನ್ನು ಎತ್ತಿ ತಂದು ಆರೈಕೆ ಮಾಡುವ ಹೆಣ್ಣುಮಗಳೊಬ್ಬಳು ಅದನ್ನು ಬದುಕಿಸಿ, ಸೂಜಿ ಹಾಕಿಸಿ, ಹಗ್ಗ ನನ್ನ ಕೈಗೆ ಕೊಟ್ಟಳು. "ಮೆತ್ತಗಿನ ನಾಯಿ ಅಕ್ಕ. ಊಟದ ಹೊತ್ನಾಗ ಮಾತ್ರ ಸ್ವಲ್ಪ ಹುಷಾರು" ಎಂದಿದ್ದಳು. ಆ ಸ್ವಲ್ಪ ಎಂದರೆ ಎಷ್ಟು ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ.

ನಮ್ಮ ಮನೆಯ ಊಟದ ರೀತಿ ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಯೇ ಇಲ್ಲ. ಉಣ್ಣುವವರನ್ನು ಒಬ್ಬರನ್ನೇ ಬಿಟ್ಟು ಅವ್ವ ಯಾವತ್ತೂ ಆಚೆ ಹೋದವಳಲ್ಲ. ಸೌಟು ಹಿಡಿದು ತಟ್ಟೆಯ ಪಕ್ಕದಲ್ಲೇ ನಿಲ್ಲುತ್ತಾಳೆ. ಸಾಕು ಎಂದರೆ ಸಂಕೋಚ ಎಂದುಕೊಳ್ಳುತ್ತಾಳೆ, ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಸುರಿಯುತ್ತಾಳೆ. ಬಂದ ನೆಂಟರು ಹೊಟ್ಟೆ ಸವರಿಕೊಂಡು ನರಳುತ್ತಾ ಎದ್ದರೆ ಮಾತ್ರ ಅವಳಿಗೆ ಸಮಾಧಾನ. ನಾಯಿಗೂ ಅದೇ ಮರ್ಯಾದೆ. ಹಿತ್ತಲಲ್ಲಿ ಮುದ್ದೆ ಹಾಕಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, "ಉಣ್ಣಪ್ಪ, ನಾಚ್ಕಬ್ಯಾಡ" ಎಂದು ಶುರುಮಾಡಿದಳು.

ನಾಯಿ ಗುರ್ರೆಂದಿತು.

"ನೋಡು, ಇನ್ನೂ ಬೇಕಂತೆ" ಎಂದು ಅವ್ವ ಇನ್ನೊಂದು ತುತ್ತು ಹಾಕಿದಳು. ಅದು ಮತ್ತೆ ಗುರುಗುಟ್ಟಿತು, ಇವಳು ಮತ್ತೆ ಹಾಕಿದಳು. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಮಜ್ಜಿಗೆ ಹುಯ್ಯಲು ಬಗ್ಗಿದಾಗ ಹೆಬ್ಬೆರಳಿನ ಬುಡಕ್ಕೆ ಹಲ್ಲು ಊರಿತು. ರಕ್ತ ಕಂಡು ನಾನು ಚೀರಿದೆ. ಅವ್ವ ಮಾತ್ರ, "ಪಾಪ, ಖಾರ ಆಗಿರ್ಬೇಕು" ಎಂದಳು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಸ್ಪತ್ರೆಯಲ್ಲಿ ಅವಳಿಗೆ ಸೂಜಿ ಹಾಕಿಸಿ ಬಂದವಳು ಪೇಪರ್ ಸುತ್ತಿ ನಾಯಿಯ ಮೂತಿಗೆ ಎರಡು ಬಿಟ್ಟೆ. ಯಜಮಾನರು ಯಾರೆಂದು ಗೊತ್ತಾಗಬೇಕಾದರೆ ಉಣ್ಣುವಾಗಲೇ ತಟ್ಟೆ ಕಿತ್ತುಕೊಳ್ಳಬೇಕೆಂದು ಮೊಬೈಲಿನ ವಿಡಿಯೋದಲ್ಲಿ ಯಾವನೋ ಹೇಳಿದ್ದ. ರಾತ್ರಿಯ ಊಟಕ್ಕೆ ಅದನ್ನೂ ಮಾಡಿದೆ. ನಾಯಿ ಗೋಡೆಯ ಮೂಲೆಗೆ ಒತ್ತಿಕೊಂಡು, ಹಲ್ಲು ತೋರಿಸುತ್ತಲೇ ಉಚ್ಚೆ ಹೊಯ್ದುಕೊಂಡಿತು. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಗುರುವಾರ ಪಶು ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಎಲ್ಲ ಕೇಳಿಸಿಕೊಂಡು ಆಕೆ, "ಅದ್ರ ತಟ್ಟೆ ಮ್ಯಾಲೆ ಬಂದ ಕೈಯೆಲ್ಲಾ ಇಲ್ಲೀತಂಕ ಕಿತ್ಕಂಡಾವೆ, ಇಲ್ಲಾ ಹೊಡ್ದಾವೆ. ಈ ಕೈ ಊಟ ಹಾಕ್ತೈತೆ ಅಂತ ಅದಕ್ಕೇನ್ ಗೊತ್ರಿ? ಊಟ ಇಟ್ಟು ದೂರ ಬರ್ರಿ. ಆ ಕಡೆ ಹೋಗೋದಿದ್ರೆ ದೂರದಿಂದ್ಲೇ ಏನಾರ ರುಚಿ ಇರೋದನ್ನ ಎಸೀರಿ. ಮನುಷ್ಯರು ಬಂದ್ರೆ ಒಳ್ಳೇದು ಸಿಗ್ತೈತೆ ಅಂತ ನಿಧಾನಕ್ಕೆ ತಿಳೀತೈತೆ" ಎಂದರು. ಎಷ್ಟು ದಿನಕ್ಕೆ ಎಂದು ಕೇಳಿದೆ. ತಿಂಗಳೂ ಆಗಬಹುದು, ಹೆಚ್ಚೂ ಆಗಬಹುದು ಎಂದರು. ನನ್ನ ಹತ್ತಿರ ಇದ್ದದ್ದು ಭಾನುವಾರದವರೆಗೆ ಮಾತ್ರ.

ಅವ್ವನಿಗೆ ಹೇಳಿದರೆ, "ಎಸಿಯಾದಾ?" ಎಂದು ಕಣ್ಣು ದೊಡ್ಡದು ಮಾಡಿದಳು. "ಅನ್ನ ಎಸಿಯಾ ಮನ್ಯಾಗ ನಾ ಹುಟ್ಟಿಲ್ಲ. ಬಡಸಾಕ್ ಬ್ಯಾಡ ಅಂದ್ರೆ ಬ್ಯಾಡ, ಎಸಿಯಾ ಮಾತಾಡ್ಬ್ಯಾಡ."

ನಾನು ರೇಗಿದೆ. ಅವಳೂ ರೇಗಿದಳು. ಶುಕ್ರವಾರ ಬೆಳಿಗ್ಗೆ ನೋಡಿದರೆ ತನ್ನದೇ ಒಂದು ದಾರಿ ಹುಡುಕಿಕೊಂಡಿದ್ದಳು. ನಾಯಿಗೆ ತಟ್ಟೆ ಇಟ್ಟು, ಅಲ್ಲಿಂದ ಹತ್ತು ಹೆಜ್ಜೆ ಆಚೆ ಮುತ್ತುಗದ ಎಲೆಯ ಮೇಲೆ ತುಪ್ಪ ಸವರಿದ ರೊಟ್ಟಿಯ ಚೂರು ಇಟ್ಟಳು. ಎಲೆಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾಯಿಗೆ ಬೆನ್ನು ತಿರುಗಿಸಿ ಕೂತಳು. ಕೂತಳು ಎನ್ನುವುದು ಸುಳ್ಳು. ಕೈ ಹಿಸುಕಿಕೊಂಡಳು, ಸೆರಗು ಎಳೆದುಕೊಂಡಳು, ತಿರುಗಲು ಹೋಗಿ ತಡೆದುಕೊಂಡಳು. "ಉಣ್ತೈತೇನೇ?" ಎಂದು ನನ್ನನ್ನು ಹತ್ತು ಸಲ ಕೇಳಿದಳು. ನಾಯಿ ತಟ್ಟೆ ಮುಗಿಸಿ, ಅವಳ ಬೆನ್ನನ್ನೇ ನೋಡುತ್ತಾ ಎಲೆಯ ಹತ್ತಿರ ಬಂದು ರೊಟ್ಟಿ ಕಚ್ಚಿಕೊಂಡು ಓಡಿತು. ಶನಿವಾರ ಓಡಲಿಲ್ಲ, ಅಲ್ಲೇ ನಿಂತು ತಿಂದಿತು.

ಇಷ್ಟಕ್ಕೆ ಅಣ್ಣ ಒಪ್ಪುತ್ತಾನೆಂಬ ಧೈರ್ಯ ನನಗಿರಲಿಲ್ಲ. 'ಬಿಟ್ಟು ಬರ್ತೀನಿ' ಎಂಬ ಅವನ ಮಾತು ನನಗೆ ಹೊಸದಲ್ಲ. ಹೋದ ವರ್ಷ ಹೊಸದುರ್ಗದ ಗಂಡನ ಮನೆ ಬಿಟ್ಟು ನಾನು ಅವ್ವನ ಹತ್ತಿರ ಬಂದಾಗ, ಮೂರನೆಯ ದಿನ ನನ್ನನ್ನು ಅಲ್ಲಿಗೇ ಬಿಟ್ಟು ಬರಲು ಅವನು ಇದೇ ಜೀಪು ತಂದಿದ್ದ. ನಾನು ಉಣ್ಣುತ್ತಿದ್ದೆ. ಅರ್ಧ ಮುದ್ದೆ ತಟ್ಟೆಯಲ್ಲಿತ್ತು. "ಏಳವ್ವ, ಜೀಪು ನಿಂತೈತೆ" ಎಂದಳು ಅವ್ವ. ಕೈ ತೊಳೆದುಕೊಂಡು ಹೋದೆ. ಎರಡು ತಿಂಗಳ ಮೇಲೆ ಒಬ್ಬಳೇ ಬಸ್ಸು ಹತ್ತಿ ವಾಪಸ್ಸು ಬಂದು ಇಲ್ಲೇ ಉಳಿದೆ. ಅದರ ಬಗ್ಗೆ ಅವ್ವ ಒಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ. ಈಗ ನಾಯಿಯನ್ನು ಕಳಿಸಿದರೆ ಈ ಮನೆಯಲ್ಲಿ ನನ್ನ ಜಾಗವೂ ಇಷ್ಟೇ ಎಂದು ಅನಿಸುತ್ತಿತ್ತು. ಹಾಗೆ ಹೇಳಿದರೆ ನಗುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದೆ.

ಭಾನುವಾರ ಮಧ್ಯಾಹ್ನ ಅಣ್ಣ ಬಂದ. ಅವ್ವ ಅವನಿಗೆ ಬಡಿಸಿದಳು. ಆಮೇಲೆ ಸೌಟನ್ನು ನನ್ನ ಕೈಗಿಟ್ಟು ನಾಯಿಯ ತಟ್ಟೆ ಹಿಡಿದು ಹಿತ್ತಲಿಗೆ ಹೋದಳು. ಮಗ ಉಣ್ಣುವಾಗ ಅವಳು ಎದ್ದು ಹೋದದ್ದನ್ನು ನಾನು ಕಂಡಿರಲಿಲ್ಲ. ಅವನೂ ಕಂಡಿರಲಿಲ್ಲ. "ಅವ್ವಾ, ಸಾರು!" ಎಂದು ಕೂಗಿದ. "ಅವಳ್ನ ಕೇಳು, ಇಲ್ಲಿ ಅದು ಉಣ್ತೈತೆ" ಎಂದಳು ಹೊರಗಿನಿಂದ. ಅವನು ಬೇಗಬೇಗ ಉಂಡು, ಕೈ ತೊಳೆದು, ಜೀಪಿನಿಂದ ಸರಪಳಿ ತಂದ.

ಹಿತ್ತಲ ಬಾಗಿಲಲ್ಲಿ ಅವನನ್ನು ಕಂಡದ್ದೇ ನಾಯಿ ತಟ್ಟೆಯ ಮೇಲೆ ಬಗ್ಗಿ ಹಲ್ಲು ತೋರಿಸಿತು.

"ನೋಡ್ದಾ? ನಾಯಿ ಬಾಲ ಎಂದಿದ್ರೂ ಡೊಂಕೇ" ಎಂದ ಅಣ್ಣ.

"ಹತ್ರ ಬರ್ಬ್ಯಾಡ" ಎಂದಳು ಅವ್ವ, ತಿರುಗದೆ. ಬ್ಯಾಂಡೇಜಿನ ಕೈ ಮಡಿಲಲ್ಲಿತ್ತು. "ಉಣ್ಣೋರ್ನ ಎಬ್ಬಿಸ್ಬಾರ್ದು."

"ಆಯ್ತು, ಉಂಡಾದ್ ಮ್ಯಾಲೆ ಒಯ್ತೀನಿ."

"ಉಂಡಾದ್ ಮ್ಯಾಲೂ ಬ್ಯಾಡ."

"ನಿನ್ ಕೈ ಕಚ್ಚೈತಲ್ಲವ್ವ!"

"ನನ್ ಕೈ ತಾನೇ? ನಾನು ನೋಡ್ಕಂತೀನಿ." ಆಮೇಲೆ ಗೋಡೆಗೆ ಹೇಳುವಂತೆ ಹೇಳಿದಳು: "ಹೋದೊರ್ಷ ನಿನ್ ಮಾತು ಕೇಳಿ ಇವಳ್ನ ಅರ್ಧ ಊಟದಾಗ ಎಬ್ಬಿಸಿ ಕಳಿಸ್ದೆ. ಆ ತಪ್ಪು ಇನ್ನೊಂದ್ಸಲ ಮಾಡಲ್ಲ."

ಅಣ್ಣ ನನ್ನ ಮುಖ ನೋಡಿದ. ನಾನು ನೋಡಲಿಲ್ಲ. ಒಂದು ವರ್ಷದಲ್ಲಿ ಅವ್ವ ಅದನ್ನು ತಪ್ಪು ಎಂದದ್ದು ಅದೇ ಮೊದಲು. ಒಗೆಯುವ ಕಲ್ಲಿನ ಮೇಲೆ ಅವಳು ತುಸು ಸರಿದಳು. ನಾನೂ ನಾಯಿಗೆ ಬೆನ್ನು ಹಾಕಿ ಅವಳ ಪಕ್ಕ ಕೂತೆ.