ಇಪ್ಪತ್ತು ಚಮಚ ಕೊತ್ತಂಬರಿ

ಆಗೆಲ್ಲ ಚನ್ನಗಿರಿಯ ನಮ್ಮ ಓಣಿಯಲ್ಲಿ ಬೇಸಿಗೆ ರಜೆ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಮನೆಮನೆಯಲ್ಲೂ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುವ ಘಾಟು. ಕುಂಟಾಬಿಲ್ಲೆ ಆಡುವ ನಾವು ಸೀನುತ್ತಲೇ ಕುಂಟುತ್ತಿದ್ದೆವು. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಮಾತ್ರ ನಮ್ಮ ಅಡುಗೆಮನೆಯಿಂದ ಘಾಟಿನ ಜೊತೆ ಅನುಮಾನವೂ ಎದ್ದಿತು.

ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಇದ್ದದ್ದು ಜಗಳೂರಿನಲ್ಲಿ. ಅವರದು ಕಿರಾಣಿ ಅಂಗಡಿ. ತಕ್ಕಡಿಗೆ ಹಾಕದೆ ದೊಡ್ಡವ್ವ ಏನನ್ನೂ ಹುರಿದವಳಲ್ಲ. ಅವಳ ಸಾರಿನ ಪುಡಿಗೆ ನೆಂಟರಲ್ಲೆಲ್ಲ ಹೆಸರು. ವರ್ಷವೂ ಒಂದು ಡಬ್ಬಿ ನಮಗೆ ಬರುತ್ತಿತ್ತು. ಆ ವರ್ಷ ತಾನೇ ಮಾಡಬೇಕೆಂದು ಅವ್ವನಿಗೆ ಛಲ ಬಂದು, ಅಳತೆ ಬರೆದು ಕಳಿಸಲು ಕೇಳಿದಳು. ಕಾಗದ ಬಂತು: ಕೊತ್ತಂಬರಿ ಬೀಜ ನೂರು ಗ್ರಾಂ, ಮೆಂತ್ಯ ಹತ್ತು ಗ್ರಾಂ, ಹೀಗೆ.

ನಮ್ಮಲ್ಲಿ ತಕ್ಕಡಿ ಎಲ್ಲಿ? ಅವ್ವ ಚಮಚ ಹಿಡಿದು ಮೂಲೆ ಅಂಗಡಿಗೆ ಹೋಗಿ, ಐವತ್ತು ಗ್ರಾಂ ಸಕ್ಕರೆ ತೂಗಿಸಿ, ಅಲ್ಲೇ ಅಳೆದಳು. ಹತ್ತು ಚಮಚ. ಹಾಗಾದರೆ ಚಮಚಕ್ಕೆ ಐದು ಗ್ರಾಂ, ಲೆಕ್ಕ ಮುಗಿಯಿತು ಎಂದಳು. ಅದರಂತೆ ಕೊತ್ತಂಬರಿ ಇಪ್ಪತ್ತು ಚಮಚ, ಮೆಂತ್ಯ ಎರಡು.

ಸಾರು ಕಹಿ. ಎರಡನೇ ಸಲ ಮಾಡಿದ ಪುಡಿಯೂ ಕಹಿ. ಅಳತೆಯೇ ಸರಿಯಿಲ್ಲ ಎಂದಳು ಅವ್ವ. ಅಪ್ಪ ಮುದ್ದೆ ಮುರಿಯುತ್ತಾ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು. ಅವ್ವ ನಗಲಿಲ್ಲ.

"ಅಕ್ಕ ಬೇಕಂತಲೇ ಮೆಂತ್ಯ ಜಾಸ್ತಿ ಬರ್ದಾಳೆ" ಎಂದಳು.

ನಾನೂ ಸೇರಿಕೊಂಡೆ. ಹತ್ತರ ಅಂಕಿಯನ್ನು ತಿದ್ದಿದ್ದಾಳೋ ಎಂದು ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದೆ. ಜಗಳೂರಿಗೆ ಹೋದಾಗ ಪುಡಿ ಮಾಡುವ ಹೊತ್ತಿಗೆ ನಮ್ಮನ್ನು ಹೊರಗೆ ಆಡಲು ಅಟ್ಟುತ್ತಿದ್ದದ್ದು ನೆನಪಾಯಿತು. ಘಾಟು ತಾಗದಿರಲೆಂದು ಅಟ್ಟುತ್ತಿದ್ದಳೆಂದು ಹೊಳೆಯಲೇ ಇಲ್ಲ. ಅನುಮಾನ ಪಡುವುದರಲ್ಲಿ ಒಂದು ರುಚಿಯಿದೆ, ಸುಳ್ಳೇಕೆ ಹೇಳಲಿ.

ಅದೇ ತಿಂಗಳು ಹತ್ತಿರದ ಕೆರೆಬಿಳಚಿಯಲ್ಲಿ ಒಂದು ಮದುವೆಗೆ ಬಂದ ದೊಡ್ಡವ್ವ ನಮ್ಮಲ್ಲಿ ಉಳಿದಳು. ನೀನೇ ಮಾಡಿ ತೋರಿಸು ಎಂದು ಅವ್ವ ಪಟ್ಟು ಹಿಡಿದಳು. ದೊಡ್ಡವ್ವ ಸಾಮಾನೆಲ್ಲ ಅಂಗಡಿಯಲ್ಲಿ ತೂಗಿಸಿ ಪೊಟ್ಟಣ ಕಟ್ಟಿಸಿದಳು. ಸೆರಗಿನ ಗಂಟಿನಿಂದ ಏನಾದರೂ ತೆಗೆದು ಹಾಕುತ್ತಾಳೋ ಎಂದು ನೋಡಲು ಅವ್ವ ನನ್ನನ್ನು ಬಾಗಿಲಲ್ಲಿ ಕೂರಿಸಿದ್ದಳು. ಏನೂ ಹಾಕಲಿಲ್ಲ. ಪುಡಿ ಘಮ್ಮೆಂದಿತು. ಅವ್ವನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಇವತ್ತು ಹಾಕಿದ್ದೇ ಬೇರೆ, ಅವತ್ತು ಬರ್ದಿದ್ದೇ ಬೇರೆ. ನನಗೆ ಬರಬಾರ್ದು ಅಂತ ಐತೇನು ನಿಂಗೆ?"

ದೊಡ್ಡವ್ವ ಸೌಟು ಕೆಳಗಿಟ್ಟಳು. ಹೆಂಗೆ ಅಳೆದೆ ಎಂದು ಕೇಳಿ, ಸಕ್ಕರೆಯ ಕತೆ ಕೇಳಿಸಿಕೊಂಡಳು. ನನ್ನನ್ನು ಕಳಿಸಿ ಇನ್ನೂ ನೂರು ಗ್ರಾಂ ಕೊತ್ತಂಬರಿ ತರಿಸಿ, ಅವ್ವನ ಕೈಗೆ ಅದೇ ಚಮಚ ಕೊಟ್ಟು ಎಣಿಸಲು ಹೇಳಿದಳು. ಇಪ್ಪತ್ತಾದಾಗ ಪೊಟ್ಟಣದಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ನಲವತ್ತೈದಕ್ಕೆ ಮುಗಿಯಿತು. ಕೊತ್ತಂಬರಿ ಹಗುರ ಕಾಳು, ಸಕ್ಕರೆಯ ಹಾಗೆ ತೂಗುವುದಿಲ್ಲ; ಮೆಂತ್ಯ ಹೆಚ್ಚುಕಡಿಮೆ ತೂಗುತ್ತದೆ. ಮೆಂತ್ಯವನ್ನು ಸರಿಯಾಗಿಯೇ ಹಾಕಿದ್ದ ಅವ್ವ ಕೊತ್ತಂಬರಿಯನ್ನು ಅರ್ಧಕ್ಕಿಂತ ಕಡಿಮೆ ಹಾಕಿದ್ದಳು; ಅದಕ್ಕೇ ಕಹಿ.

"ನನ್ನ ಮ್ಯಾಲೆ ಅನುಮಾನ ಪಡಾಕೆ ಮೊದ್ಲು ಆ ಚಮಚದ ಮ್ಯಾಲೆ ಪಡಬೇಕಿತ್ತು ಕಣೆ" ಎಂದಳು ದೊಡ್ಡವ್ವ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ತಪ್ಪಾಯಿತು ಎನ್ನಬೇಕಿದ್ದ ಅವ್ವ, ಕಾಫಿ ಇಡಲಾ ಎಂದು ಕೇಳಿದಳು. ನನಗೆ ನಾಚಿಕೆಯಾಗಿ ಹಿತ್ತಲಿಗೆ ಹೋದೆ.

ಆಮೇಲೂ ಕಾಗದಗಳು ಬರುತ್ತಿದ್ದವು. ಉಪ್ಪಿನಕಾಯಿ, ಚಟ್ನಿಪುಡಿ, ಕೇಳಿದ್ದಕ್ಕೆಲ್ಲ ಗ್ರಾಂ ಒಂದು ಕಡೆ, ಚಮಚ ಇನ್ನೊಂದು ಕಡೆ. ಕೊನೆಯಲ್ಲಿ ಪ್ರತಿ ಸಲವೂ ಒಂದೇ ಸಾಲು: "ಬೇಕಾದರೆ ತೂಗಿ ನೋಡು."

ಈಗ ಯಾವುದು ಎಷ್ಟು ಚಮಚವೆಂದು ಫೋನೇ ಹೇಳುತ್ತದೆ. ಯಾರನ್ನೂ ಅನುಮಾನಿಸಬೇಕಿಲ್ಲ, ಯಾರನ್ನೂ ಕೇಳಬೇಕಾಗಿಯೂ ಇಲ್ಲ. ಅವ್ವ ಆ ಕಾಗದಗಳ ಒಂದು ಅಳತೆಯನ್ನೂ ತೂಗಿ ನೋಡಲಿಲ್ಲ, ನಂಬಿಯೇ ಹಾಕಿದಳು. ತೂಗುತ್ತಿಲ್ಲವೆಂದು ಅಕ್ಕನಿಗೆ ಹೇಳಲೂ ಇಲ್ಲ. ತಂಗಿ ಇನ್ನೂ ತೂಗುತ್ತಿದ್ದಾಳೆ ಎಂದುಕೊಂಡೇ ದೊಡ್ಡವ್ವ ತೀರಿಕೊಂಡಳು.