ಒಬ್ಬನ ಬಾಟಲಿ, ಎಂಟು ಬಾಯಿ

ಕೌತಾಳಂ ಕಡೆಯ ಶಾಂತಕ್ಕ ಕುರಿಗೆ ಔಷಧಿ ಕುಡಿಸುವುದನ್ನು ನೋಡಬೇಕು! ದವಡೆ ಹಿಡಿದು ಬಿದಿರಿನ ಗೊಟ್ಟವನ್ನು ಬಾಯೊಳಗೆ ಇಟ್ಟಳೆಂದರೆ ಮುಗಿಯಿತು, ಒಂದು ಹನಿಯೂ ನೆಲಕ್ಕೆ ಬೀಳದು. ಒಂದು ಕುರಿ ಕೆಮ್ಮಿದರೆ ಇಡೀ ಹಿಂಡಿಗೆ ಕುಡಿಸುವುದು ಆಕೆಯ ಪದ್ಧತಿ. ನಲವತ್ತು ವರ್ಷ ಹೀಗೇ ನಡೆದಿದೆ, ಬೇಡ ಎನ್ನುವವರಾರು?

ಈ ಸಲ ಕಾಯಿಲೆ ಬಂದದ್ದು ಕುರಿಗಲ್ಲ, ಸೋರಿದ್ದು ಮೊಮ್ಮಗ ಚೇತನನ ಕಿವಿ. ಜ್ವರ, ಕೀವು. ಹಿಂದಿನಿಂದ ಕರೆದರೆ ನಾಲ್ಕು ವರ್ಷದ ಹುಡುಗ ತಿರುಗುತ್ತಲೇ ಇರಲಿಲ್ಲ. ಶಾಂತಕ್ಕನ ಜೀವ ಬಾಯಿಗೆ ಬಂತು. ಆಕೆಯ ಅಣ್ಣ ಜಂಬಪ್ಪ ಚಿಕ್ಕಂದಿನಲ್ಲಿ ಹೀಗೇ ಕಿವಿ ಸೋರಿ ಕಿವುಡನಾದವನು. ಆದೋನಿಯ ಡಾಕ್ಟರು ಚೇತನನ ತೂಕ ನೋಡಿ ಪುಡಿ ತುಂಬಿದ ಬಾಟಲಿ ಬರೆದುಕೊಟ್ಟರು. ಊರಿನ ನರ್ಸ್ ಪದ್ಮಜಾ ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ, ಚೆನ್ನಾಗಿ ಕುಲುಕಿ ತೋರಿಸಿದಳು. ಅಳತೆ ಮುಚ್ಚಳದಲ್ಲೇ, ಹೊತ್ತಿಗೆ ಸರಿಯಾಗಿ, ಪೂರಾ ಏಳು ದಿನ ಎಂದಳು.

ಮೂರನೆಯ ದಿನ ಜ್ವರ ಬಿಟ್ಟಿತು. ಚೇತನ ಮರಿಯ ಬಾಲ ಹಿಡಿದು ಓಡತೊಡಗಿದ. ಶಾಂತಕ್ಕನಿಗೆ ಹೇಳತೀರದ ಖುಷಿ! ಆ ಖುಷಿಯಲ್ಲೇ ಹಳೆಯ ಪದ್ಧತಿ ನೆನಪಾಯಿತು. ಇನ್ನೊಬ್ಬರ ಮಗುವಿನ ಕಿವಿ ತಾನೇ ಯಾಕೆ ಸೋರಬೇಕು? ಓಣಿಯ ಎಂಟು ಮಕ್ಕಳನ್ನು ಕರೆದು ಕುರಿದೊಡ್ಡಿಯ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದಳು. ಔಷಧಿಯಿಂದ ಘಮ್ಮೆಂದು ಕಿತ್ತಳೆ ವಾಸನೆ. ಒಬ್ಬರೂ ಓಡಿಹೋಗಲಿಲ್ಲ, ಕುರಿಗಳಂತೆ "ಬ್ಯಾ ಬ್ಯಾ" ಎಂದು ನಗುತ್ತಾ ಒಬ್ಬರನ್ನೊಬ್ಬರು ತಳ್ಳಿದರು. ಮೊದಲು ನಿಂತ ಆಂಜಿಯ ದವಡೆಯನ್ನು ಶಾಂತಕ್ಕ ಹಿಡಿದೇಬಿಟ್ಟಳು.

"ತಡಿ, ಶಾಂತಕ್ಕಾ, ತಡಿ!" ಪದ್ಮಜಾಳ ಸ್ಕೂಟಿ ಕುರಿಗಳ ನಡುವೆ ನುಗ್ಗಿತು. "ಏನ್ ಮಾಡಾಕತ್ತಿದಿ?"

"ಚೇತನಂದು ಜ್ವರ ಹೋಗೈತಿ, ಔಷಧಿ ಮಿಕ್ಕೈತಿ. ಎಲ್ಲಾರಿಗೂ ಒಂದೊಂದ್ ಗುಟುಕು..."

"ಇವ್ರಿಗೆ ಏನ್ ರೋಗ ಐತಿ? ಯಾರಿಗರ ಮೈಯೆಲ್ಲಾ ದದ್ದು ಎದ್ರ ಏನ್ ಮಾಡ್ತಿ? ಚೇತನಂದು ಜ್ವರ ಅಷ್ಟ ಹೋಗೈತಿ, ಕಿವಿಯಾಗಿನ ರೋಗ ಇನ್ನಾ ಪೂರ್ತಿ ಸತ್ತಿಲ್ಲ. ಇವತ್ತ ಬಾಟ್ಲಿ ಖಾಲಿ ಮಾಡಿದ್ರ ಅದು ಮತ್ತ ಏಳ್ತೈತಿ. ಆವಾಗ ಯಾರ ಕಿವಿ ಹೋಗೋದು?"

ಶಾಂತಕ್ಕನ ಕೈ ಆಂಜಿಯ ದವಡೆಯಿಂದ ಜಾರಿತು. "ಅಯ್ಯೋ ದೇವುಡಾ, ನನ್ನ ಕೈಯಾರ!" ಎಂದು ಬಾಟಲಿಯನ್ನು ಎದೆಗೆ ಅವುಚಿಕೊಂಡಳು. ಆಂಜಿ ಮಾತ್ರ ಬಾಯಿ ಮುಚ್ಚಲೊಪ್ಪದೆ ನಿಂತೇ ಇದ್ದ.

ಆಮೇಲೆ ನಾಲ್ಕು ದಿನ ಆ ಬಾಟಲಿಗೆ ಕುರಿಗಳಿಗಿಂತ ಬಿಗಿಯಾದ ಕಾವಲು. ಏಳನೆಯ ದಿನದ ಕೊನೆಯ ಗುಟುಕೂ ಮುಗಿಯಿತು. ತಳದಲ್ಲಿ ಉಳಿದದ್ದನ್ನು ಬೇರೆ ಯಾರ ಬಾಯಿಗೂ ಬೀಳದಂತೆ ಒಯ್ಯಲು ಪದ್ಮಜಾಳೇ ಬಂದಳು. ಚೇತನ ಅತ್ತ ಮುಖಮಾಡಿ ಮರಿಯೊಂದಿಗೆ ಆಡುತ್ತಿದ್ದ. ಶಾಂತಕ್ಕ ಹತ್ತು ಹೆಜ್ಜೆ ಹಿಂದೆ ಸರಿದು ಪಿಸುಗುಟ್ಟಿದಳು:

"ಬೆಲ್ಲ."

ಹುಡುಗ ಗಿರಕ್ಕನೆ ತಿರುಗಿದ. "ಎಲ್ಲೈತಿ, ಅಜ್ಜೀ?"

ಶಾಂತಕ್ಕ ಅತ್ತಳು, ನಕ್ಕಳು, ಸೆರಗು ಕಾಲಿಗೆ ಸಿಕ್ಕಿ ಎಡವುತ್ತಾ ಒಳಗೆ ಓಡಿ ಬೆಲ್ಲದ ಡಬ್ಬವನ್ನೇ ಹೊತ್ತು ತಂದಳು. ಅಷ್ಟರಲ್ಲಿ ಓಣಿಯ ಎಂಟೂ ಮಕ್ಕಳು ಚೇತನನ ಹಿಂದೆ ಬಾಯಿ ತೆರೆದು ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ಪದ್ಮಜಾಳೂ ಬಾಯಿ ತೆರೆದು ನಿಂತಳು.