ಹಗ್ಗದ ಮೇಲಿನ ಕ್ಲಿಪ್ಪುಗಳು

ಶಾಲೆಯ ಮಕ್ಕಳು ಅವರನ್ನು ಕ್ಲಿಪ್ಪು ಮೇಷ್ಟ್ರು ಎನ್ನುತ್ತಿದ್ದರು. ನಾವು ಗೆಳೆಯರೂ ಹಾಗೇ ಕರೆದೆವು. ಜೀವಶಾಸ್ತ್ರದ ಪಾಠಕ್ಕೆ ಮನೆಯಿಂದ ಬಟ್ಟೆ ಒಣಹಾಕುವ ಹಗ್ಗ, ನಾಲ್ಕು ಬಣ್ಣದ ಕ್ಲಿಪ್ಪು ಹೊತ್ತು ತರುವವರಿಗೆ ಬೇರೇನು ಹೆಸರಿಡುವುದು?

"ನಿಮ್ಮ ಪಾಠದ ದೆಸೆಯಿಂದ ನಮ್ಮ ಬಟ್ಟೆಯೆಲ್ಲ ಗಾಳಿ ಪಾಲಾಯ್ತು ರೀ" ಎಂದು ಹೆಂಡತಿ ಗೊಣಗುತ್ತಿದ್ದಳು.

ಹಗ್ಗವೆಂದರೆ ಜೀನು, ಪ್ರೋಟೀನು ಕಟ್ಟುವ ಬರಹ; ಒಂದೊಂದು ಬಣ್ಣ ಒಂದೊಂದು ಅಕ್ಷರ. ಮೂರು ಕ್ಲಿಪ್ಪು ಸೇರಿದರೆ ಒಂದು ಪದ, ಅದೇ ಕೋಡಾನ್. ಜೀವಕೋಶ ಹಗ್ಗವನ್ನು ಮೂರು ಮೂರಾಗಿ ಓದುತ್ತಾ, ಪದಕ್ಕೊಂದರಂತೆ ಅಮೈನೋ ಆಮ್ಲ ತಂದು ಪೋಣಿಸುತ್ತದೆ. 'ನಿಲ್ಲು' ಎನ್ನುವ ಪದ ಬಂದಾಗ ಕೈಬಿಡುತ್ತದೆ. ಪೋಣಿಸಿದ ಸರವೇ ಪ್ರೋಟೀನು.

ನಲವತ್ತು ದಾಟಿದ ಮೇಲೆ ಮೇಷ್ಟ್ರ ಕಾಲು ಸೋತವು. ಆಮೇಲೆ ಸೀಮೆಸುಣ್ಣ ಹಿಡಿದ ಕೈಯೂ ಮೇಲೇಳದಾಯಿತು. ಸ್ನಾಯುವಿನ ಪ್ರೋಟೀನೊಂದರ ಬರಹದಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ ಎಂದಿತು ಪರೀಕ್ಷೆ.

ಔಷಧಿ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ಒಂದು ದಿನ ಬಾಗಿಲು ಹಾಕಿಕೊಂಡೇ ಓಡಿಬಂದ.

"ಭಾವ, ಈ ಕಾಯಿಲೆಗೆ ಮಾತ್ರೆ ಬಂದಿದೆಯಂತೆ! ನಡುವೆ ಅಡ್ಡ ಬರೋ 'ನಿಲ್ಲು' ಪದಾನ ದಾಟಿಸಿ ಓದಿಸತ್ತಂತೆ. ತರಿಸ್ತೀನಿ."

ಹೆಂಡತಿ ಒದ್ದೆ ಕೈಯಲ್ಲೇ ಬಂದು ನಿಂತಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತ್ತು. ಅದನ್ನು ನೋಡಿ ಮೇಷ್ಟ್ರಿಗೆ ಬಾಯಿ ತೆರೆಯಲು ಮನಸ್ಸಾಗಲಿಲ್ಲ. ಆದರೂ ತೆರೆದರು.

"ಅದು ನನಗಲ್ಲಪ್ಪ. ಅಕ್ಷರ ಬದಲಾಗಿ 'ನಿಲ್ಲು' ಬಿದ್ದವರಿಗೆ. ನಂದು ಬಿಟ್ಟುಹೋಗಿರೋದು."

"ಬದುಕೋದಕ್ಕಿಂತ ಪಾಠ ಸರಿಯಿರೋದೇ ಹೆಚ್ಚಾಯ್ತಾ ನಿಮಗೆ? ನುಂಗಿ ನೋಡಿದ್ರೆ ಗಂಟೇನು ಹೋಗತ್ತೆ?" ಅಂದವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

"ಅವನು ಹೇಳಿದ್ರಲ್ಲಿ ತಪ್ಪೇನಿದೆ?" ಎಂದಳು ಹೆಂಡತಿ.

ಮೇಷ್ಟ್ರು ಅವಳ ಕೈಯಲ್ಲೇ ಕಿಟಕಿಗೆ ಹಗ್ಗ ಕಟ್ಟಿಸಿದರು. ಕ್ಲಿಪ್ಪು ಸಿಕ್ಕಿಸಿದ್ದೂ ಅವಳೇ.

"ಮೂರನೇ ಪದದ ಮೊದಲಿನ ಕೆಂಪು ತೆಗಿ. ಈಗ ಮೂರು ಮೂರಾಗಿ ಓದು."

ಓದಿದಳು. ಅಲ್ಲಿಂದಾಚೆ ಒಂದು ಪದವೂ ಮೊದಲಿನಂತೆ ಉಳಿದಿರಲಿಲ್ಲ.

"ಈ ಹಾಳುಹರಟೆ ನಡುವೆ ಎಲ್ಲೋ ಒಂದು 'ನಿಲ್ಲು' ಬರತ್ತೆ. ಮಾತ್ರೆ ಅದನ್ನ ದಾಟಿಸ್ತು ಅಂತಿಟ್ಕೋ. ಆಚೆ ಏನಿದೆ?"

"ಇನ್ನಷ್ಟು ಹಾಳುಹರಟೆ" ಎಂದಳು. ಹಗ್ಗವನ್ನೇ ನೋಡುತ್ತಾ ನಿಂತವಳು ತಟ್ಟನೆ ತಿರುಗಿದಳು. "ಹಾಗಾದ್ರೆ ಆ ಪದದಲ್ಲಿ ಉಳಿದ ಎರಡನ್ನೂ ಕಿತ್ತುಬಿಡೋಣ. ಒಂದು ಪದ ಹೋದ್ರೆ ಹೋಗ್ಲಿ, ಮುಂದಿನದೆಲ್ಲ ಸರಿಹೋಗತ್ತಲ್ಲ?"

ಇಷ್ಟು ವರ್ಷದಲ್ಲಿ ಯಾವ ಮಗುವೂ ಇದನ್ನು ಕೇಳಿರಲಿಲ್ಲ.

"ಸರಿ ಉತ್ತರ ಕಣೇ" ಎಂದರು ಮೇಷ್ಟ್ರು. "ಆ ಥರ ಪ್ರಯತ್ನಾನೂ ನಡೀತಿದೆ. ನನ್ನ ಸ್ನಾಯುವಿನೊಳಗೆ ಹೋಗಿ ಕೀಳೋ ಕೈ ಮಾತ್ರ ಇನ್ನೂ ಬಂದಿಲ್ಲ."

ಅವಳು ಎರಡನ್ನೂ ಕಿತ್ತು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹಗ್ಗದಲ್ಲಾದರೂ ಸರಿಹೋಗಲಿ.

ಚಳಿಗಾಲ ಮುಗಿಯುವ ಮೊದಲೇ ಉಸಿರಾಡಿಸುವ ಸ್ನಾಯುವೂ ಸೋತಿತು. ಸಾವಿನ ಮನೆಗೆ ಬಂದವರ ಮುಂದೆಲ್ಲ ಹೆಂಡತಿಯ ತಮ್ಮ ಬಿಕ್ಕುತ್ತಿದ್ದ: "ಮಾತ್ರೆ ನುಂಗಿದ್ರೆ ಇರ್ತಿದ್ರು. ಹಠ, ಬರೀ ಹಠ!" ಎಲ್ಲರೂ ಹೌದೆಂದು ತಲೆಯಾಡಿಸಿದರು.

ಅಲ್ಲವೆಂದು ಹೇಳಬಲ್ಲವಳು ಅವಳೊಬ್ಬಳೇ. ಹೇಳಲಿಲ್ಲ. ಆಸೆ ಹೊತ್ತ ಮುಖ ನೋಡಿಯೂ ಇದ್ದದ್ದನ್ನು ಇದ್ದಂತೆ ಹೇಳುವ ಎದೆ ಆ ಮನೆಯಲ್ಲಿ ಒಬ್ಬರಿಗಿತ್ತು. ಅವರು ನಡುಮನೆಯಲ್ಲಿ ಮಲಗಿದ್ದರು.